ಕಾಳಿ ಪಾಂಚಿನ ಪುಟ್ಟ ಟ್ರೊಂಬೋನ್

ಸೊಪ್ರಾನೊ ಟ್ರೊಂಬೋನ್ ನೋಡಿದವರು ಕೇಳುವ ಪ್ರಶ್ನೆಗಳು ಎರಡೇ. ಒಂದು, ‘ಇದು ಆಟದ ಸಾಮಾನಾ?’ ಇನ್ನೊಂದು, ‘ಇದರಲ್ಲಿ ಏನು ನುಡಿಸ್ತೀರಿ?’ ಮೊದಲನೆಯದಕ್ಕೆ ಅಲ್ಲ ಅಂತ ಹೇಳಿ ಮುಗಿಸಬಹುದು. ಎರಡನೆಯದು ಅಷ್ಟು ಸಲೀಸಲ್ಲ. ಯಾಕಂದರೆ ಇದಕ್ಕೆ ಅಂತಲೇ ಬರೆದ ಸಂಗೀತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ವಾದ್ಯ ಹೇಗಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಮದುವೆ ಬ್ಯಾಂಡಿನಲ್ಲಿ ಕೈ ಹಿಂದೆ ಮುಂದೆ ಎಳೆಯುತ್ತಾ ಊದುವ ದೊಡ್ಡ ಟ್ರೊಂಬೋನ್ ನೋಡಿರುತ್ತೀರಿ. ಅದು ಟೆನರ್. ಅದರ ಕೊಳವೆ ಬಿಚ್ಚಿ ನೇರ ಮಾಡಿದರೆ ಸುಮಾರು ಎರಡೂ ಮುಕ್ಕಾಲು ಮೀಟರ್. ಸೊಪ್ರಾನೊ ಅದರ ಅರ್ಧ, ಟ್ರಂಪೆಟಿನಷ್ಟೇ ಉದ್ದ. ಸ್ವರವೂ ಟ್ರಂಪೆಟಿನ ಎತ್ತರದ್ದೇ, ಅಂದರೆ ಟೆನರಿಗಿಂತ ಪೂರ್ತಿ ಒಂದು ಸ್ಥಾಯಿ ಮೇಲೆ. ಆದರೆ ಟ್ರಂಪೆಟಿನ ಮೂರು ಗುಂಡಿ ಇದರಲ್ಲಿ ಇಲ್ಲ, ಹಿಂದೆ ಮುಂದೆ ಎಳೆಯುವ ಕೊಳವೆ, ಅಂದರೆ ಸ್ಲೈಡ್ ಮಾತ್ರ. ಇದಕ್ಕಿಂತ ಚಿಕ್ಕವೂ ಇವೆಯಂತೆ, ಸೊಪ್ರಾನಿನೊ, ಪಿಕಲೊ ಅಂತೆಲ್ಲ. ಅವುಗಳ ಸಹವಾಸ ನನಗೆ ಬೇಡ.

ನಾನು ಇದನ್ನು ಕೊಂಡದ್ದಕ್ಕೆ ಘನವಾದ ಕಾರಣ ಏನೂ ಇಲ್ಲ. ಡೊಂಬಿವಲಿಯಿಂದ ಫೋರ್ಟಿಗೆ ಲೋಕಲ್‌ನಲ್ಲಿ ಓಡಾಡುವವರು ಟೆನರ್ ಟ್ರೊಂಬೋನಿನ ಡಬ್ಬ ಹೊತ್ತು ಬೆಳಗಿನ ಫಾಸ್ಟ್ ಗಾಡಿ ಹತ್ತಿ ನೋಡಲಿ, ಕಾರಣ ತಾನಾಗಿ ಗೊತ್ತಾಗುತ್ತದೆ. ಮಂಗಳೂರಿನ ಶಾಲೆಯ ಬ್ಯಾಂಡಿನಲ್ಲಿ ಕಲಿತ ವಿದ್ಯೆ ಮುಂಬಯಿಗೆ ಬಂದ ಮೇಲೆ ಮಂಚದ ಕೆಳಗೆ ಸೇರಿತ್ತು. ಧೋಬಿ ತಲಾವ್ ಕಡೆಯ ಒಂದು ರಿಪೇರಿ ಅಂಗಡಿಯ ಮೂಲೆಯಲ್ಲಿ ಈ ಪುಟ್ಟದ್ದು ಕಂಡಿತು. ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. ಬೆಲ್ ಅನ್ನುವ ಅಗಲ ಬಾಯಿಯ ಅಂಚಿನಲ್ಲಿ ಒಂದು ಸಣ್ಣ ನೆಗ್ಗು. ಲ್ಯಾಪ್‌ಟಾಪ್ ಬ್ಯಾಗಿನ ಪಕ್ಕ ಸಿಕ್ಕಿಸಿಕೊಂಡರೆ ರ್‍ಯಾಕಿನ ಮೇಲೆ ಯಾರಿಗೂ ತೊಂದರೆ ಇಲ್ಲ. ತಗೊಂಡೆ.

ಮನೆಗೆ ತಂದು ಊದಿದಾಗ ಮೊದಲು ಗೊತ್ತಾದದ್ದು, ಗಾತ್ರ ಅರ್ಧ ಆದರೆ ಕಷ್ಟ ಅರ್ಧ ಆಗುವುದಿಲ್ಲ ಅಂತ. ಟೆನರಿನಲ್ಲಿ ಒಂದು ಅರ್ಧಸ್ವರ ಇಳಿಸಲು ಸ್ಲೈಡನ್ನು ಎಂಟು ಸೆಂಟಿಮೀಟರಿನಷ್ಟು ಎಳೆಯಬೇಕು. ಇಲ್ಲಿ ನಾಲ್ಕು ಸಾಕು. ಹಾಗಂದರೆ ಟೆನರಿನಲ್ಲಿ ಕಿವಿಗೆ ಬೀಳದೆ ಹೋಗುವ ಅರ್ಧ ಬೆರಳಿನ ವ್ಯತ್ಯಾಸ ಇಲ್ಲಿ ಅಪಸ್ವರ. ಮೌತ್‌ಪೀಸ್ ಟ್ರಂಪೆಟಿನದೇ. ಒಳಗಿನ ಅಗಲ ಹದಿನಾರು ಹದಿನೇಳು ಮಿಲಿಮೀಟರ್. ಇಪ್ಪತ್ತೈದರ ಬಟ್ಟಲಿಗೆ ಒಗ್ಗಿದ ತುಟಿ ಅದರಲ್ಲಿ ಕೂರಲು ಒಪ್ಪುವುದಿಲ್ಲ. ಸಾಕು ಅಂತ ಐದೇ ನಿಮಿಷದಲ್ಲಿ ಮುಷ್ಕರ ಹೂಡುತ್ತದೆ. ಮಳೆಗಾಲದಲ್ಲಿ ಸ್ಲೈಡಿನ ಒಳಗೊಳವೆಗೆ ಹಸಿರು ಕಿಲುಬು ಬೇರೆ. ದೊಡ್ಡದರಲ್ಲಿ ಸಣ್ಣ ನೆಗ್ಗು ನಡೆದುಹೋಗುತ್ತದೆ. ಇದರಲ್ಲಿ ಕೊಳವೆ ಕೂದಲೆಳೆಯಷ್ಟು ಸೊಟ್ಟಗಾದರೂ ಸ್ಲೈಡ್ ಮಧ್ಯದಲ್ಲೇ ಹಿಡಿದುಕೊಳ್ಳುತ್ತದೆ.

ಸರಿ, ಇಷ್ಟೆಲ್ಲಾ ಸಹಿಸಿಕೊಂಡು ನುಡಿಸುವುದು ಏನನ್ನು?

ಮೊದಲು ಟ್ರಂಪೆಟ್ ಪುಸ್ತಕ ತೆಗೆದೆ. ಸ್ವರದ ಎತ್ತರ ಒಂದೇ ಅಲ್ವಾ, ನಡೆಯಬೇಕು. ನಡೆಯಲಿಲ್ಲ. ಟ್ರಂಪೆಟಿಗೆ ಬರೆಯುವವರು ಗುಂಡಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುತ್ತಾರೆ. ಮೂರು ಬೆರಳು ಪಟಪಟ ಬಡಿದರೆ ಬರುವ ಓಟ ಅದು. ಅದನ್ನೇ ಸ್ಲೈಡಿನಲ್ಲಿ ಹಿಡಿಯಲು ಹೋದರೆ ತೋಳು ಹೊಲಿಗೆ ಮೆಷಿನ್ ಆಗುತ್ತದೆ, ಸಂಗೀತ ಆಗುವುದಿಲ್ಲ. ಬ್ಯೂಗಲ್ ಕರೆಗಳು ಚೆನ್ನಾಗಿ ಬರುತ್ತವೆ, ಅದಕ್ಕೆ ಸ್ಲೈಡೇ ಬೇಡ. ಆದರೆ ಡೊಂಬಿವಲಿಯ ನಾಲ್ಕನೇ ಮಹಡಿಯಲ್ಲಿ ದಿನಾ ಬ್ಯೂಗಲ್ ಊದಿದರೆ ಸೊಸೈಟಿಯವರು ಬಿಡುತ್ತಾರಾ?

ಆಮೇಲೆ ಟ್ರೊಂಬೋನ್ ಪುಸ್ತಕ. ಇಲ್ಲಿ ಕೈಗೆ ಅಡ್ಡಿಯಿಲ್ಲ, ಸ್ಲೈಡ್ ನಿಲ್ಲಿಸುವ ಜಾಗಗಳು, ಅಂದರೆ ಪೊಸಿಷನ್‌ಗಳೆಲ್ಲ ಟೆನರಿನವೇ. ಬರೀ ಒಂದು ಸ್ಥಾಯಿ ಮೇಲೆ ಕೇಳಿಸುತ್ತದೆ. ಆದರೆ ಟೆನರಿನ ಸಂಗೀತದ ಸೊಗಸೇ ಅದರ ಎದೆದನಿಯಲ್ಲಿದೆ. ಅದನ್ನು ಈ ಎತ್ತರಕ್ಕೆ ತಂದರೆ ದೊಡ್ಡವರ ಮಾತನ್ನು ಮಕ್ಕಳ ಬಾಯಲ್ಲಿ ಹೇಳಿಸಿದ ಹಾಗೆ. ಕೇಳಿದವರು ನಗುತ್ತಾರೆ. ನನಗೂ ನಗು ಬಂತು.

ಸಿನಿಮಾ ಹಾಡು? ಮುಂಬಯಿಯಲ್ಲಿ ಹಿತ್ತಾಳೆ ವಾದ್ಯ ಅಂದರೆ ಎಲ್ಲರ ಮನಸ್ಸಿಗೂ ಬರುವುದು ಅದೇ. ಗೋವಾದ ಪ್ಯಾರಿಷ್ ಶಾಲೆಗಳಲ್ಲಿ ಸಂಗೀತದ ಮೇಷ್ಟ್ರುಗಳ ಕೈಕೆಳಗೆ ಸ್ವರ ಓದಲು ಕಲಿತವರು ಇಲ್ಲಿಗೆ ಬಂದರು. ಧೋಬಿ ತಲಾವ್‌ನಲ್ಲಿ ಗೋವಾದ ಊರವರು ಇಳಿದುಕೊಳ್ಳುವ ‘ಕೂಡ್’ಗಳಲ್ಲಿ ಟ್ರಂಕಿಟ್ಟು ಮಲಗಿದರು. ಹಗಲು ಸ್ಟುಡಿಯೊ, ರಾತ್ರಿ ಹೋಟೆಲಿನ ಬ್ಯಾಂಡು. ಚಿಕ್ ಚಾಕಲೇಟ್ ಅಂತಲೇ ಹೆಸರಾದ ಅಲ್ದೋನಾದ ಆಂಟೋನಿಯೊ ಝೇವಿಯರ್ ವಾಜ್ ಅವರ ಟ್ರಂಪೆಟ್ ಇಲ್ಲದಿದ್ದರೆ 1951ರ ‘ಅಲ್ಬೇಲಾ’ದ ಹಾಡುಗಳು ಅಷ್ಟು ಕುಣಿಯುತ್ತಿದ್ದವಾ, ಅನುಮಾನ. ಆದರೆ ಅದೂ ಗುಂಡಿಗಳ ಸಂಗೀತವೇ. ಚುರುಕಾಗಿ ಕಡಿದು ಕಡಿದು ಬರುವ ಸ್ವರ. ಅಮೆರಿಕದ ಜಾಝ್‌ನಲ್ಲಿ ಇದರದೇ ಬಳಗದ ಸ್ಲೈಡ್ ಟ್ರಂಪೆಟ್ ಹಿಡಿದವರು ಇದ್ದಾರೆ. 1923ರಲ್ಲಿ ಕಿಂಗ್ ಆಲಿವರ್ ಬ್ಯಾಂಡಿನ ಪ್ರಚಾರಕ್ಕೆ ತೆಗೆದ ಫೋಟೊದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಮಂಡಿಯೂರಿ ಕೂತಿದ್ದಾರೆ, ಕೈಯಲ್ಲಿ ಇಂಥದ್ದೇ ಒಂದು. ಈಗ ಸ್ಟೀವನ್ ಬರ್ನ್‌ಸ್ಟೀನ್ ಸ್ಲೈಡ್ ಟ್ರಂಪೆಟನ್ನೇ ತಮ್ಮ ಗುರುತು ಮಾಡಿಕೊಂಡಿದ್ದಾರೆ, ವಿಕ್ಲಿಫ್ ಗಾರ್ಡನ್ ದೊಡ್ಡ ಟ್ರೊಂಬೋನಿನ ಜೊತೆ ಸೊಪ್ರಾನೊವನ್ನೂ ನುಡಿಸುತ್ತಾರೆ. ಅವರನ್ನು ಕೇಳುವುದು ಖುಷಿ. ಆದರೆ ಅದನ್ನು ನಕಲು ಮಾಡಲು ಬೇಕಾದ ಜಾಝಿನ ಸಂಸ್ಕಾರ ನನಗಿಲ್ಲ.

ಹುಡುಕಾಟಕ್ಕೆ ದಾರಿ ತೋರಿಸಿದ್ದು ಈ ವಾದ್ಯದ ಚರಿತ್ರೆಯೇ. ಇದು ಯಾಕೆ ಹುಟ್ಟಿತು, ಯಾಕೆ ಮೂಲೆ ಸೇರಿತು ಅಂತ ನೋಡುತ್ತಾ ಹೋದಾಗ ಇದರ ಕೆಲಸ ಏನಿತ್ತು ಅನ್ನುವುದು ಕಂಡಿತು.

ಯುರೋಪಿನ ಚರ್ಚುಗಳಲ್ಲಿ ಟ್ರೊಂಬೋನುಗಳು ಬಹಳ ಕಾಲ ಹಾಡುಗಾರರ ಬೆನ್ನಿಗೆ ನಿಂತಿದ್ದವು. ಆಲ್ಟೊ ಹಾಡುವವರ ಜೊತೆ ಆಲ್ಟೊ ಟ್ರೊಂಬೋನ್, ಟೆನರಿಗೆ ಟೆನರ್, ಬಾಸ್‌ಗೆ ಬಾಸ್. ದನಿ ಏನು ಹಾಡುತ್ತದೋ ವಾದ್ಯವೂ ಅದನ್ನೇ ನುಡಿಸಬೇಕು, ದನಿಗೆ ಬಲ ಕೊಡಬೇಕು, ಅಷ್ಟೆ. ಎಲ್ಲಕ್ಕಿಂತ ಮೇಲಿನ ಸಾಲು ಹುಡುಗರ ಎಳೆದನಿಯದು. ಅದರ ಜೊತೆಗೆ ಕಾರ್ನೆಟ್ಟೊ ಅನ್ನುವ ಮರದ ವಾದ್ಯ ಇತ್ತು, ಬೆರಳಿಗೆ ತೂತು, ತುಟಿಗೆ ಬಟ್ಟಲು. ಅದು ಆ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತಿತ್ತು ಅಂದರೆ, ಸೊಪ್ರಾನೊ ಟ್ರೊಂಬೋನ್ ಬಂದದ್ದೇ ತಡವಾಗಿ, ಹದಿನೇಳನೇ ಶತಮಾನದ ಕೊನೆಯ ಹೊತ್ತಿಗೆ. ಈಗ ಉಳಿದಿರುವುದರಲ್ಲಿ ತೀರಾ ಹಳೆಯದು 1677ರದ್ದು, ಕ್ರಿಸ್ಟಿಯಾನ್ ಕೋಫಾಲ್ ಅನ್ನುವವನು ಜರ್ಮನಿಯಲ್ಲಿ ಮಾಡಿದ್ದು. ಜರ್ಮನ್ ಸಂಗೀತಗಾರ ಬಾಖ್ ಚರ್ಚಿಗೆ ಬರೆದ ಕ್ಯಾಂಟಾಟಾ ಅನ್ನುವ ಹಾಡಿನ ಕೃತಿಗಳಲ್ಲಿ ಕೆಲವಕ್ಕೆ ಮಾತ್ರ ಇದು ಬೇಕು ಅಂದಿದ್ದಾನೆ. ಅವನ ಕೃತಿಪಟ್ಟಿಯಲ್ಲಿ 2, 21, 38ನೇ ಸಂಖ್ಯೆಯವು. ಅಲ್ಲೂ ಇದಕ್ಕೆ ತನ್ನದೇ ಆದ ಸಾಲು ಇಲ್ಲ. ಸೊಪ್ರಾನೊ ದನಿ ಹಾಡುವುದನ್ನೇ ಪದಕ್ಕೆ ಪದ ಹಿಂಬಾಲಿಸಬೇಕು. 1818ರಲ್ಲಿ ಗುಂಡಿ ಒತ್ತಿ ನುಡಿಸುವ ವಾಲ್ವಿಗೆ ಪೇಟೆಂಟ್ ಬಂತು, ಟ್ರಂಪೆಟಿಗೆ ಎಲ್ಲಾ ಸ್ವರಗಳೂ ಸಲೀಸಾಗಿ ಸಿಗತೊಡಗಿದವು. ಇನ್ನು ಎಳೆದು ಬಿಟ್ಟು ಒದ್ದಾಡುವ ಪುಟ್ಟ ಟ್ರೊಂಬೋನ್ ಯಾರಿಗೆ ಬೇಕು?

ಬಿಡದೆ ಹಿಡಿದುಕೊಂಡವರು ಮೊರೇವಿಯನ್ ಅನ್ನುವ ಕ್ರೈಸ್ತ ಪಂಥದವರು. ಅಮೆರಿಕದ ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಊರಿನಲ್ಲಿ ಅವರ ಟ್ರೊಂಬೋನ್ ಬಳಗ 1754ರಿಂದ ಇದೆ. ಸೊಪ್ರಾನೊದಿಂದ ಬಾಸ್‌ವರೆಗೆ ಇಡೀ ಸಂಸಾರ. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಈ ಬಳಗ ಪ್ರಾರ್ಥನಾಗೀತೆ ನುಡಿಸಿ ಸುದ್ದಿ ಹೇಳುತ್ತಿತ್ತು. ಹೋದವರು ಮದುವೆಯಾದ ಗಂಡಸೋ, ಹೆಂಗಸೋ, ಮಗುವೋ ಅನ್ನುವುದು ಧಾಟಿಯಿಂದಲೇ ಜನರಿಗೆ ಗೊತ್ತಾಗುತ್ತಿತ್ತು.

ಅಂದರೆ ಈ ವಾದ್ಯಕ್ಕೆ ತನ್ನದು ಅನ್ನುವ ಸಂಗೀತ ಯಾವತ್ತೂ ಇರಲಿಲ್ಲ. ಹಾಡುವವರದೇ ಇದರದ್ದು. ಇಷ್ಟು ತಿಳಿದ ಮೇಲೆ ನಾನು ಅಂಗಡಿಗಳಲ್ಲಿ ಪುಸ್ತಕ ಕೆದಕುವುದನ್ನು ಬಿಟ್ಟೆ. ಎತ್ತರದ ದನಿಯವರು ಏನು ಹಾಡುತ್ತಾರೆ ಅಂತ ಕೇಳತೊಡಗಿದೆ.

ಇಲ್ಲಿ ಒಂದು ತಮಾಷೆ ಇದೆ. ಕೋಫಾಲ್ ಮಾಡಿದ ಆ 1677ರ ಟ್ರೊಂಬೋನ್ ಈಗ ಇರುವುದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಅಲ್ಲಿನ ಚರಿತ್ರೆಯ ಮ್ಯೂಸಿಯಮ್ಮಿನಲ್ಲಿ. ಮಂಗಳೂರಿನವರಿಗೆ ಬಾಸೆಲ್ ಅಂದರೆ ಹೆಂಚು, ಮಗ್ಗ, ಅಚ್ಚುಕೂಟ. 1834ರಲ್ಲಿ ಆ ಊರಿನ ಮಿಷನ್ನಿನವರು ನಮ್ಮ ಕಡಲತೀರಕ್ಕೆ ಇಳಿದರು. 1843ರಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದರು, 1894ರಲ್ಲಿ ಕಿಟ್ಟೆಲ್ ಅವರ ನಿಘಂಟು ಬಂತು. ಇವು ಶಾಲೆಯಲ್ಲಿ ಓದಿದ ವಿಷಯ. ಅವರು ಕೋರಾಲ್ ಅನ್ನುವ ಜರ್ಮನ್ ಚರ್ಚಿನ ಹಾಡುಗಳ ಧಾಟಿಗಳನ್ನೂ ತಂದರು, ಅದಕ್ಕೆ ಕನ್ನಡ ಪದ ಕೂರಿಸಿದರು ಅನ್ನುವುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಮಂಗಳೂರಿನ ಬಲ್ಮಠದ ಕಡೆಯ ಗೆಳೆಯನೊಬ್ಬ ಮುಲುಂಡ್‌ನಲ್ಲಿದ್ದಾನೆ. ಅವನ ಮನೆಯಲ್ಲಿ ಅಜ್ಜಿಯ ಕಾಲದ ಕನ್ನಡ ಗೀತೆಗಳ ಪುಸ್ತಕ ಇದೆ. ಬೆನ್ನು ಹರಿದು, ಬಟ್ಟೆ ಅಂಟಿಸಿ, ಅದೂ ಹರಿದಿದೆ. ಪುಸ್ತಕದಲ್ಲಿ ಸ್ವರ ಇಲ್ಲ, ಬರೀ ಪದ. ಧಾಟಿ ಅವನ ಅಮ್ಮನ ಗಂಟಲಲ್ಲಿದೆ. ಅವರು ಅಡುಗೆಮನೆಯ ಬಾಗಿಲಿಗೆ ಒರಗಿ ಒಂದು ಸಾಲು ಹಾಡಿದರು, ನಾನು ಹಿಂದಿನಿಂದ ಊದಿದೆ. ಕೋರಾಲ್ ಅಂದರೆ ನಿಧಾನ. ಸ್ವರಗಳು ಅಕ್ಕಪಕ್ಕದಲ್ಲೇ ಹೆಜ್ಜೆ ಹಾಕುತ್ತವೆ, ದೊಡ್ಡ ನೆಗೆತ ಕಡಿಮೆ. ಸಾಲಿನ ಕೊನೆಗೆ ಉಸಿರಿಗೆ ನಿಲುಗಡೆ. ತುಟಿ ದಣಿಯುವುದಿಲ್ಲ, ಸ್ಲೈಡಿಗೆ ಸರಿಯಾದ ಜಾಗ ಹುಡುಕಿಕೊಳ್ಳಲು ಸಮಯ ಸಿಗುತ್ತದೆ. ಎರಡನೇ ಚರಣದ ಹೊತ್ತಿಗೆ ಪದಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಊದುತ್ತಿದ್ದೆ. ದೀರ್ಘಾಕ್ಷರ ಬಂದಲ್ಲಿ ಸ್ವರ ತಾನೇ ತುಂಬಿಕೊಳ್ಳುತ್ತಿತ್ತು, ಒತ್ತಕ್ಷರ ಬಂದಲ್ಲಿ ನಾಲಿಗೆ ತಾನೇ ತಟ್ಟುತ್ತಿತ್ತು. ಯಾವ ಟ್ರಂಪೆಟ್ ಪುಸ್ತಕವೂ ಇದನ್ನು ಕಲಿಸಿರಲಿಲ್ಲ. ಆಂಟಿ ಮಾತ್ರ, ‘ಚೆನ್ನಾಗುಂಟು, ಆದರೆ ಸ್ವಲ್ಪ ಮೆಲ್ಲಗೆ ಊದು ಮಾರಾಯ’ ಅಂದರು. ಸದ್ದು ತಗ್ಗಿಸಲು ಬಾಯಿಗೆ ಸಿಕ್ಕಿಸುವ ಟ್ರಂಪೆಟಿನ ಮ್ಯೂಟ್ ಇದರ ಬೆಲ್ಲಿಗೂ ಸರಿಹೊಂದುತ್ತದೆ. ಅಂದಿನಿಂದ ಅದು ಡಬ್ಬದಲ್ಲೇ ಇರುತ್ತದೆ.

ದನಿಯ ದಾರಿ ಹಿಡಿದ ಮೇಲೆ ಶ್ರುತಿಯ ಲೆಕ್ಕವೂ ಕೂಡಿಬಂತು. ಈ ವಾದ್ಯದ ಸ್ಲೈಡ್ ಪೂರ್ತಿ ಒಳಗಿದ್ದಾಗ ಸಿಗುವ ಮೂಲಸ್ವರ ಬಿ ಫ್ಲ್ಯಾಟ್. ಹಾರ್ಮೋನಿಯಂ ಭಾಷೆಯಲ್ಲಿ ಕಾಳಿ ಪಾಂಚ್, ಅಂದರೆ ಐದನೇ ಕರಿ ಮನೆ. ನಮ್ಮ ಕರ್ನಾಟಕ ಸಂಗೀತದವರ ಲೆಕ್ಕದಲ್ಲಿ ಆರೂವರೆ ಮನೆ. ಹೆಂಗಸರು ಹಾಡುವ ಶ್ರುತಿಯ ಆಸುಪಾಸು. ಗಂಡಸರು ಒಂದು ಮನೆ ಶ್ರುತಿಯಲ್ಲಿ ಹಾಡುತ್ತಾರೆ, ಅದಕ್ಕೆ ಟೆನರ್ ಸಾಕು. ಇದು ಹುಟ್ಟಾ ಹೆಣ್ಣುದನಿಯ ವಾದ್ಯ. ಇನ್ನೊಂದು ಲಾಭ, ನಮ್ಮ ಸ್ವರಲಿಪಿ. ಪಾಶ್ಚಾತ್ಯ ಲಿಪಿಯಲ್ಲಿ ಈ ವಾದ್ಯದ ಹಳೆಯ ಭಾಗಗಳನ್ನು ಬೇರೆ ಕ್ಲೆಫ್‌ನಲ್ಲಿ, ಅಂದರೆ ಯಾವ ಗೆರೆ ಯಾವ ಸ್ವರ ಅಂತ ಹೇಳುವ ಬೇರೆ ಗುರುತಿನಲ್ಲಿ ಬರೆಯುತ್ತಿದ್ದರು, ಈಗ ಟ್ರಂಪೆಟಿನ ಹಾಗೆ ಸ್ವರದ ಜಾಗ ಬದಲಿಸಿ ಬರೆಯುತ್ತಾರೆ, ತಲೆ ಕೆಡುತ್ತದೆ. ಸ ರಿ ಗ ಮ ಅಂತ ಬರೆದಿದ್ದರೆ ಷಡ್ಜ ಎಲ್ಲಿ ಬೇಕೋ ಅಲ್ಲಿ ಇಟ್ಟುಕೊಂಡರಾಯಿತು.

ಹಾಗಾದರೆ ರಾಗ ನುಡಿಸುವುದು ಸುಲಭ, ಸ್ಲೈಡ್ ಇದೆಯಲ್ಲ, ಗಮಕಕ್ಕೆ ಹೇಳಿ ಮಾಡಿಸಿದ ಹಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ಕದ್ರಿ ಗೋಪಾಲನಾಥ್ ಅವರನ್ನೂ ನೆನಪಿಸುತ್ತಾರೆ. ನಾಗಸ್ವರದ ಮನೆತನದ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ, ಕೀಲಿಗಳಿಂದ ತುಂಬಿದ ಆ ವಾದ್ಯದಲ್ಲೇ ಗಮಕ ತೆಗೆದರು. ಅದರಲ್ಲೇ ಬಂದದ್ದು ಸ್ಲೈಡಿನಲ್ಲಿ ಬರುವುದಿಲ್ಲವೇ?

ಬರುತ್ತದೆ, ಆದರೆ ಒಂದು ಕೊಕ್ಕೆ ಇದೆ. ಸ್ವಲ್ಪ ವಿವರವಾಗಿ ಹೇಳಬೇಕು, ತಾಳ್ಮೆ ಇರಲಿ. ಸ್ಲೈಡ್ ಅಲ್ಲಾಡಿಸದೆ ಬರೀ ತುಟಿ ಬಿಗಿ ಮಾಡುತ್ತಾ ಹೋದರೆ ಸ್ವರಗಳು ಮೆಟ್ಟಿಲು ಮೆಟ್ಟಿಲಾಗಿ ಸಿಗುತ್ತವೆ. ಕಾಳಿ ಪಾಂಚಿನಲ್ಲಿ ಷಡ್ಜ, ಮೇಲೆ ಗಾಂಧಾರ, ಪಂಚಮ, ಚೂರು ಇಳಿದ ಕೋಮಲ ನಿಷಾದ, ಮತ್ತೆ ಷಡ್ಜ. ಇಷ್ಟೂ ಮೊದಲನೇ ಪೊಸಿಷನ್ನಿನಲ್ಲೇ. ಸ್ಲೈಡ್ ಎಳೆದರೆ ಆಯಾ ಮೆಟ್ಟಿಲಿನಿಂದ ಕೆಳಕ್ಕೆ ಇಳಿಯಬಹುದು, ಒಟ್ಟು ಆರು ಅರ್ಧಸ್ವರ, ಏಳು ಪೊಸಿಷನ್. ಜಾರು ಬೇಕಾದರೆ ಒಂದೇ ಮೆಟ್ಟಿಲಿನ ಮೇಲೆ ಇರಬೇಕು. ಮೆಟ್ಟಿಲು ದಾಟಿದರೆ ಸ್ವರ ಕಡಿಯುತ್ತದೆ.

ಹಂಸಧ್ವನಿ ತೆಗೆದುಕೊಳ್ಳಿ. ಷಡ್ಜ ಒಂದನೇ ಪೊಸಿಷನ್, ರಿಷಭ ಮೂರು, ಗಾಂಧಾರ ಒಂದು, ಪಂಚಮ ಒಂದು, ನಿಷಾದ ಎರಡು, ಮೇಲಿನ ಷಡ್ಜ ಒಂದು. ಕೈಗೆ ಕೆಲಸವೇ ಇಲ್ಲ ಅನ್ನಿಸುತ್ತದೆ. ರಿಷಭದಿಂದ ಗಾಂಧಾರಕ್ಕೆ ಜಾರು ಬೆಣ್ಣೆಯಂತೆ ಬರುತ್ತದೆ, ಎರಡೂ ಒಂದೇ ಮೆಟ್ಟಿಲು. ಗಾಂಧಾರದಿಂದ ಪಂಚಮಕ್ಕೆ ಜಾರಲು ಹೋದರೆ ಮಾತ್ರ ಏನೂ ಆಗುವುದಿಲ್ಲ. ಎರಡೂ ಮೊದಲನೇ ಪೊಸಿಷನ್ನಿನಲ್ಲಿವೆ, ಕೈ ಎಲ್ಲಿಗೆ ಹೋಗಬೇಕು? ಅದಕ್ಕೆ ಗಾಂಧಾರವನ್ನೇ ಪಂಚಮದ ಮೆಟ್ಟಿಲಿನಲ್ಲಿ ಹುಡುಕಬೇಕು. ನಾಲ್ಕನೇ ಪೊಸಿಷನ್ನಿನಲ್ಲಿ ಸಿಗುತ್ತದೆ. ಅಲ್ಲಿಂದ ಒಳಕ್ಕೆ ತಳ್ಳಿದರೆ ಪಂಚಮದವರೆಗೆ ಸ್ವರ ಕಡಿಯದೆ ಏರುತ್ತದೆ. ಅಂದರೆ ಒಂದೇ ರಾಗದ ಒಂದೇ ಗಾಂಧಾರಕ್ಕೆ ಎರಡು ಮನೆ. ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿದ್ದೇವೆ ಅನ್ನುವುದರ ಮೇಲೆ ಮನೆ ಬದಲಾಗುತ್ತದೆ. ಷಡ್ಜದಿಂದ ಪಂಚಮಕ್ಕಂತೂ ಒಂದೇ ಎಳೆತದಲ್ಲಿ ಏರಲು ಸಾಧ್ಯವೇ ಇಲ್ಲ. ಏಳು ಅರ್ಧಸ್ವರ ಬೇಕು, ಸ್ಲೈಡ್ ಕೊಡುವುದು ಆರು. ಒಂದೇ ಒಂದು ಕಡಿಮೆ! ಇದನ್ನು ಕಂಡಾಗಲೆಲ್ಲ ಯಾರೋ ಬೇಕೆಂದೇ ಮಾಡಿದ್ದಾರೆ ಅನ್ನಿಸುತ್ತದೆ.

ಹಾಗಾಗಿ ಗಮಕ ಜಾಸ್ತಿ ಇರುವ ದೊಡ್ಡ ರಾಗಗಳ ಆಲಾಪನೆ ಸದ್ಯಕ್ಕೆ ನನ್ನ ಕೈಯಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ನಾಚಿಕೆಯೂ ಇಲ್ಲ. ಗಮಕ ಕಡಿಮೆ ಬೇಡುವ, ಆದರೂ ನಮ್ಮದೇ ಆದ ಸಂಗೀತ ಬೇಕಾಗಿತ್ತು. ಸಿಕ್ಕಿದ್ದು ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳು.

ಇಂಥ ಪುಟ್ಟ ರಚನೆಗಳು ನಲವತ್ತರ ಹತ್ತಿರ ಇವೆ. ಮದರಾಸಿನ ಕೋಟೆಯಲ್ಲಿ ಬ್ರಿಟಿಷರ ಬ್ಯಾಂಡ್ ಕೇಳಿ, ಆ ಧಾಟಿಗಳಿಗೆ ಸಂಸ್ಕೃತದ ಸಾಹಿತ್ಯ ಕೂರಿಸಿದ್ದು ಅಂತ ಹೇಳುತ್ತಾರೆ. ‘ಸಂತತಂ ಪಾಹಿಮಾಂ’ ಹಾಡಿದರೆ ಇಂಗ್ಲೆಂಡಿನ ರಾಷ್ಟ್ರಗೀತೆ ಕೇಳಿಸುತ್ತದೆ. ‘ಶ್ಯಾಮಲೇ ಮೀನಾಕ್ಷಿ’ಗೆ ಶಿಶುವಿಹಾರದ ಮಕ್ಕಳು ನಕ್ಷತ್ರದ ಹಾಡು ಅಂತ ಜೊತೆಗೂಡುತ್ತಾರೆ. ಎಲ್ಲಾ ಶಂಕರಾಭರಣದ ಸ್ವರಗಳು, ಆದರೆ ಗಮಕ ಹೆಚ್ಚುಕಡಿಮೆ ಇಲ್ಲ. ಬ್ಯಾಂಡಿನಿಂದ ವೀಣೆಗೆ ಹೋದ ಧಾಟಿಗಳು ಎರಡು ಶತಮಾನ ಕಳೆದು ಮತ್ತೆ ಹಿತ್ತಾಳೆಗೆ ಬಂದರೆ ತಪ್ಪೇನು? ‘ಸಂತತಂ’ನ ಮೊದಲ ಸಾಲು ಪೊಸಿಷನ್ ಒಂದು, ಎರಡು, ಮೂರರಲ್ಲೇ ಮುಗಿಯುತ್ತದೆ. ಮೂರೆಣಿಕೆಯ ನಡೆ ಉಸಿರಿಗೆ ಹಿತ. ಹೊಸಬರು ಯಾರಾದರೂ ಈ ವಾದ್ಯ ಹಿಡಿದರೆ ಇದರಿಂದಲೇ ಶುರುಮಾಡಿ ಅಂತ ಹೇಳುತ್ತೇನೆ. ಹೊಸಬರು ಯಾರೂ ಹಿಡಿಯುವುದಿಲ್ಲ, ಅದು ಬೇರೆ ಮಾತು.

ಅದಾದ ಮೇಲೆ ಪುರಂದರದಾಸರ ಪಿಳ್ಳಾರಿ ಗೀತೆ, ಮಲಹರಿ ರಾಗದ್ದು. ಸಂಗೀತ ಕ್ಲಾಸಿಗೆ ಹೋದ ಪ್ರತಿ ಕನ್ನಡದ ಮಗುವೂ ಹಾಡಿರುತ್ತದೆ. ಇಲ್ಲಿ ಶುದ್ಧ ರಿಷಭ ನಾಲ್ಕನೇ ಪೊಸಿಷನ್ನಿನಲ್ಲಿ ಬರುತ್ತದೆ, ಶುದ್ಧ ಧೈವತ ಮೂರರ ಒಳಗಡೆ ಎಲ್ಲೋ. ‘ಎಲ್ಲೋ’ ಅನ್ನುವುದನ್ನು ಕಿವಿಯೇ ತೀರ್ಮಾನಿಸಬೇಕು. ತಂಬೂರಿ ಆ್ಯಪ್ ಹಾಕಿಕೊಂಡು, ಬೀರುವಿನ ಬಾಗಿಲು ತೆರೆದು, ಬೆಲ್ಲನ್ನು ಸೀರೆ ಶರ್ಟುಗಳ ಮಧ್ಯೆ ತೂರಿಸಿ ಅಭ್ಯಾಸ ಮಾಡುತ್ತೇನೆ. ಮುಂಬಯಿಯ ಫ್ಲ್ಯಾಟಿನಲ್ಲಿ ಇದಕ್ಕಿಂತ ಒಳ್ಳೆಯ ಸ್ಟುಡಿಯೊ ಇಲ್ಲ.

ನಮ್ಮ ಕಟ್ಟಡದಲ್ಲಿ ಶನಿವಾರದ ಭಜನಾ ಮಂಡಳಿ ಇದೆ. ಉಡುಪಿ ಕಡೆಯವರು, ಹುಬ್ಬಳ್ಳಿ ಕಡೆಯವರು, ಇಬ್ಬರು ಮರಾಠಿ ಹೆಂಗಸರು. ದೇವರನಾಮ ಮುಗಿದರೆ ಅಭಂಗ, ಅಭಂಗ ಮುಗಿದರೆ ಮತ್ತೆ ದೇವರನಾಮ. ಬೀರುವಿನೊಳಗಿನ ಮಲಹರಿ ಅವರಿಗೆ ಗೋಡೆಯಾಚೆಯಿಂದ ಕೇಳಿಸುತ್ತಿತ್ತಂತೆ. ಮುಂದಾಳು ಹಾಡುಗಾರ್ತಿ ಒಂದು ದಿನ ಲಿಫ್ಟಿನಲ್ಲಿ, ‘ಒಳಗ ಕುಂತು ಯಾಕ ಊದತೀರಿ, ಶನಿವಾರ ಬರ್ರಿ’ ಅಂದರು. ಮ್ಯೂಟ್ ಸಮೇತ ಹೋದೆ. ನನಗಂತೂ ಇದು ಬಾಖ್‌ನ ಟ್ರೊಂಬೋನಿಗರ ಕೆಲಸವೇ. ಮುಂದೆ ಹಾಡುವವರು, ಹಿಂದೆ ಅದೇ ಸಾಲು ಊದುವ ನಾನು.

ತೊಡಕು ಅಂದರೆ ಅವರ ಶ್ರುತಿ ಕಾಳಿ ಚಾರ್. ನನ್ನದಕ್ಕಿಂತ ಒಂದು ಪೂರ್ಣ ಸ್ವರ ಕೆಳಗೆ. ನನ್ನ ಷಡ್ಜ ಆರಾಮಾಗಿ ಒಂದನೇ ಪೊಸಿಷನ್ನಿನಲ್ಲಿ ಇದ್ದದ್ದು ಮೂರಕ್ಕೆ ಬಂತು. ಒಂದನೇ ಪೊಸಿಷನ್ ಅಂದರೆ ಸ್ಲೈಡ್ ಪೂರ್ತಿ ಒಳಗೆ ಹೋಗಿ ಗಟ್ಟಿಯಾಗಿ ನಿಲ್ಲುವ ಜಾಗ, ತಪ್ಪುವ ಪ್ರಶ್ನೆಯೇ ಇಲ್ಲ. ಮೂರನೇ ಪೊಸಿಷನ್ನಿನಲ್ಲಿ ತಡೆ ಏನೂ ಇಲ್ಲ, ಗಾಳಿಯಲ್ಲಿ ನಿಲ್ಲಿಸಬೇಕು. ಷಡ್ಜಕ್ಕೇ ಆಧಾರ ಇಲ್ಲದ ಮೇಲೆ ಮಿಕ್ಕ ಸ್ವರಗಳ ಗತಿ ಏನು ಅಂತ ದಿಗಿಲಾಯಿತು.

ಅವತ್ತು ಎತ್ತಿಕೊಂಡದ್ದು ‘ಭಾಗ್ಯದ ಲಕ್ಷ್ಮೀ ಬಾರಮ್ಮ’. ಮಧ್ಯಮಾವತಿ. ಊದುತ್ತಾ ಊದುತ್ತಾ ಏನೋ ಬೇರೆ ಆಗುತ್ತಿದೆ ಅನ್ನಿಸಿತು. ಹಾಡುವವರು ಸಾಲಿನ ಕೊನೆಯಲ್ಲಿ ರಿಷಭದಿಂದ ಷಡ್ಜಕ್ಕೆ ಮೆತ್ತಗೆ ಇಳಿಯುತ್ತಾರೆ. ಕಾಳಿ ಪಾಂಚಿನಲ್ಲಿ ನನಗೆ ಆ ಇಳಿತ ಬರುತ್ತಿರಲಿಲ್ಲ. ಇಳಿಯಲು ಸ್ಲೈಡನ್ನು ಹೊರಗೆ ಎಳೆಯಬೇಕು, ಆದರೆ ಷಡ್ಜ ಇರುವುದು ಪೂರ್ತಿ ಒಳಗೆ. ಐದನೇ ಪೊಸಿಷನ್ನಿನಲ್ಲಿ ಇನ್ನೊಂದು ಷಡ್ಜ ಇದೆ, ಅಲ್ಲಿಗೆ ಎಳೆದು ನಿಲ್ಲಬಹುದು. ಆದರೆ ಅಷ್ಟು ದೂರ ಹೋದ ಕೈ ಸರಿಯಾದ ಜಾಗದಲ್ಲೇ ನಿಲ್ಲುವುದು ಅಪರೂಪ. ಇಲ್ಲಿ ಕಾಳಿ ಚಾರಿನಲ್ಲಿ ರಿಷಭ ಒಂದನೇ ಪೊಸಿಷನ್, ಷಡ್ಜ ಮೂರು, ಎರಡೂ ಒಂದೇ ಮೆಟ್ಟಿಲು. ಸುಮ್ನೆ ಮಣಿಕಟ್ಟು ಸಡಿಲ ಬಿಟ್ಟರೆ ಸಾಕು, ಅವರ ಗಂಟಲು ಇಳಿದ ಹಾಗೆಯೇ ಇದೂ ಇಳಿಯುತ್ತದೆ. ವ್ಯತ್ಯಾಸ ಅಂದರೆ ನನಗೆ ಸ್ವಲ್ಪ ಎಂಜಲು ಜಾಸ್ತಿ.

ರಿಷಭವನ್ನು ಅಲ್ಲಾಡಿಸಬೇಕು ಅಂದಾಗ ಅದೇ ತಕರಾರು ರಿಷಭಕ್ಕೆ ಬಂತು. ಈಗ ಒಳಗೆ ಕೂತಿರುವುದು ಅದು, ಮೇಲಕ್ಕೆ ಹೋಗಲು ಜಾಗ ಇಲ್ಲ. ಅದಕ್ಕೆ ರಿಷಭ ನಿಂತು ತೂಗುವ ಕಡೆ ಐದನೇ ಪೊಸಿಷನ್, ಷಡ್ಜಕ್ಕೆ ಇಳಿಯುವ ಕಡೆ ಒಂದನೇ ಪೊಸಿಷನ್ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದೇನೆ. ಭಜನೆ ಪುಸ್ತಕದ ಪ್ರತಿ ಸಾಲಿನ ಮೇಲೂ ಈಗ ಸಣ್ಣ ಅಂಕಿಗಳು. ಪಕ್ಕದಲ್ಲಿ ಕೂರುವ ಮರಾಠಿ ಅಜ್ಜಿ ಅದನ್ನು ನೋಡಿ, ಇದೇನು ಮಟ್ಕಾ ನಂಬರಾ ಅಂತ ಕೇಳಿದರು.

ಅಭಂಗಗಳಲ್ಲಿ ಇನ್ನೂ ನೆಲೆ ಸಿಕ್ಕಿಲ್ಲ. ತಾಳ ಜೋರಾಗುತ್ತಾ ಹೋಗುತ್ತದೆ, ಕೊನೆಗೆ ಎಲ್ಲರೂ ಒಟ್ಟಿಗೆ ಕೂಗುವ ವೇಗಕ್ಕೆ ನನ್ನ ಸ್ಲೈಡ್ ಬರುವುದಿಲ್ಲ. ಆಗ ಬರೀ ಷಡ್ಜ ಪಂಚಮ ಹಿಡಿದು ನಿಲ್ಲುತ್ತೇನೆ. ಕಾಳಿ ಚಾರಿನಲ್ಲಿ ಎರಡೂ ಮೂರನೇ ಪೊಸಿಷನ್ನೇ, ಕೈ ಅಲ್ಲಾಡಿಸಬೇಕಾಗಿಲ್ಲ. ಯಾರೂ ಆಕ್ಷೇಪಿಸಿಲ್ಲ. ತಾಳ, ಚಪ್ಪಾಳೆಯ ಗದ್ದಲದಲ್ಲಿ ಕೇಳಿಸುವುದೂ ಇಲ್ಲ ಬಿಡಿ.

ಶ್ರಾವಣದಲ್ಲಿ ಪಕ್ಕದ ಕಟ್ಟಡದ ಮಂಡಳಿಯೂ ನಮ್ಮ ಜೊತೆ ಸೇರುತ್ತದೆ. ಅವರದ್ದು ಸಫೇದ್ ಪಾಂಚ್, ಇನ್ನೂ ಅರ್ಧ ಸ್ವರ ಕೆಳಗೆ. ಷಡ್ಜ ನಾಲ್ಕನೇ ಪೊಸಿಷನ್ನಿಗೆ ಬರುತ್ತದೆ. ಸ್ಲೈಡಿನ ನಟ್ಟನಡುವೆ, ಎರಡೂ ಕಡೆಗೆ ಮೂರು ಮೂರು ಅರ್ಧಸ್ವರ ಜಾಗ. ಮಧ್ಯಮಾವತಿಗೆ ಇದು ಇನ್ನೂ ಒಳ್ಳೆಯದಿರಬಹುದು ಅನ್ನುವ ಆಸೆ ನನಗೆ. ಭಜನೆ ಪುಸ್ತಕದ ಅಂಕಿಗಳನ್ನೆಲ್ಲ ಅಳಿಸಿ ಹೊಸದಾಗಿ ಬರೆಯಬೇಕು. ಆ ಮಂಡಳಿಯವರು ಜಾಸ್ತಿ ಹಾಡುವ ದೇವರನಾಮಗಳ ಪಟ್ಟಿ ಕೇಳಿದ್ದೇನೆ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇವೆ ಅಂದಿದ್ದಾರೆ.